ಅಪ್ಪ-ಅಮ್ಮನ ಜೊತೆ ಷ್ನೈಡರ್ ಹೌಸ್‌ಗೆ ಹೋಗಬಹುದಾ? ಹೋಗಿ ಬಂದವರು ಹೇಳಿ

ಪ್ರಶ್ನೆ: ನಾವು ಕೆನಡಾದ ಮಿಸಿಸಾಗಾದಲ್ಲಿದ್ದೇವೆ. ಹಾಸನದ ಕಡೆಯಿಂದ ಅಪ್ಪ-ಅಮ್ಮ ಬಂದಿದ್ದಾರೆ. ನಯಾಗರ, ಸಿಎನ್ ಟವರ್ ಎಲ್ಲ ಆಯ್ತು. ಕಿಚನರ್ ಊರಲ್ಲಿ ಮೆನ್ನೊನೈಟ್ (ಸರಳ ಬದುಕಿನ ಒಂದು ಕ್ರೈಸ್ತ ಪಂಗಡ) ರೈತರ ಹಳೇ ಮನೆಯೊಂದು ಮ್ಯೂಸಿಯಂ ಆಗಿದೆಯಂತೆ, ಷ್ನೈಡರ್ ಹೌಸ್ ಅಂತ. ಅಲ್ಲಿವರೆಗೂ ಹೋಗುವಷ್ಟು ಇದೆಯಾ? ಅಮ್ಮನಿಗೆ ಮಂಡಿ ನೋವು, ಇಂಗ್ಲಿಷ್ ಅಷ್ಟಾಗಿ ಬರಲ್ಲ. ಮಗಳು ನಾಲ್ಕನೇ ಕ್ಲಾಸು.

ವಾಟರ್ಲೂನಿಂದ: ಧಾರಾಳವಾಗಿ ಹೋಗಿ. ನಿಮ್ಮ ಅಮ್ಮನಿಗೆ ನಿಮಗಿಂತ ಜಾಸ್ತಿ ಇಷ್ಟವಾಗುತ್ತೆ ನೋಡಿ.

ಇದು ಗಾಜಿನ ಪೆಟ್ಟಿಗೆಯಲ್ಲಿ ಸಾಮಾನು ಇಟ್ಟು ಪಕ್ಕದಲ್ಲಿ ಚೀಟಿ ಅಂಟಿಸಿರುವ ಮ್ಯೂಸಿಯಂ ಅಲ್ಲ. ಜೋಸೆಫ್ ಷ್ನೈಡರ್ ಅನ್ನೋ ಮೆನ್ನೊನೈಟ್ ರೈತ 1807ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಿಂದ ಸಂಸಾರ ಸಮೇತ ಇಲ್ಲಿಗೆ ಬಂದ. ಆಗ ಇಲ್ಲಿ ಇದ್ದದ್ದು ಬರೀ ಕಾಡು. 1816ರ ಸುಮಾರಿಗೆ ಕಟ್ಟಿದ ಮನೆ ಇದು, ಊರಲ್ಲಿ ಉಳಿದಿರುವ ಅತಿ ಹಳೇ ಮನೆ. 1850ರ ದಶಕದಲ್ಲಿ ಹೇಗಿತ್ತೋ ಹಾಗೆ ಒಳಗೆಲ್ಲ ಜೋಡಿಸಿದ್ದಾರೆ. ಆ ಕಾಲದ ಉಡುಪು ತೊಟ್ಟವರು ಅಡುಗೆಮನೆಯಲ್ಲಿ, ತೋಟದಲ್ಲಿ ನಿಜವಾಗಿಯೂ ಕೆಲಸ ಮಾಡ್ತಿರ್ತಾರೆ.

ನಾವು ಹೋದಾಗ ಒಬ್ಬರು ಸೇಬು ಹೆಚ್ಚಿ ಒಣಗಿಸೋಕೆ ಅಣಿ ಮಾಡ್ತಿದ್ದರು. ಚಳಿಗಾಲ ಪೂರ್ತಿ ಇದೇ ಆಧಾರವಂತೆ. ನಮ್ಮ ಅತ್ತೆ ಪಕ್ಕದಲ್ಲೇ ನಿಂತು ನೋಡಿದರು. ಆಮೇಲೆ ಒಲೆಯಲ್ಲಿ ಉರಿಯುತ್ತಿದ್ದ ಸೌದೆ ಕಡೆ ಕೈ ತೋರಿಸಿ, 'ಇದು ಇನ್ನೂ ಹಸಿ, ಹೊಗೆ ಕಾರುತ್ತೆ' ಅಂತ ಕನ್ನಡದಲ್ಲೇ ಹೇಳಿದರು. ನಾನು ಇಂಗ್ಲಿಷ್‌ನಲ್ಲಿ ಹೇಳಿದ ಮೇಲೆ ಆಕೆ ನಕ್ಕು ಹೌದೌದು ಅಂದರು. ಅಲ್ಲಿಂದ ಮುಂದೆ ಇಬ್ಬರಿಗೂ ನಾನು ಬೇಕಾಗಲೇ ಇಲ್ಲ! ಹಾಗಾಗಿ ಭಾಷೆಯ ಚಿಂತೆ ಬಿಡಿ. ಆದರೆ ಸುಮ್ನೆ ಸುತ್ತಿ ಬಂದರೆ ಇಪ್ಪತ್ತು ನಿಮಿಷಕ್ಕೆ ಮುಗಿದುಹೋಗುತ್ತೆ. ಅವರನ್ನ ಮಾತಾಡಿಸಬೇಕು, ಕೇಳಬೇಕು. 'ಈ ಬಟ್ಟೆ ಯಾವುದರಿಂದ ನೇಯ್ತಿದ್ರಿ?' ಅಂತ ಒಂದು ಪ್ರಶ್ನೆ ಹಾಕಿ ಸಾಕು. ಅಗಸೆ ಗಿಡ ಕಿತ್ತು, ಕೊಳೆಹಾಕಿ, ಬಡಿದು, ನಾರು ಬಾಚಿ ನೂಲು ತೆಗೆಯೋವರೆಗೂ ಕಥೆ ಬರುತ್ತೆ.

ಮಂಡಿ ನೋವಿಗೆ: ಅಡುಗೆಮನೆ, ತೋಟ ನೆಲಮಟ್ಟದಲ್ಲೇ ಇವೆ. ಮೇಲಿನ ಮಹಡಿಗೆ ಮೆಟ್ಟಿಲು ಹತ್ತಬೇಕು. ಅಮ್ಮ ಕೆಳಗೇ ಇರಲಿ, ನಷ್ಟವೇನಿಲ್ಲ.

ಟೊರೊಂಟೊದಿಂದ: ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಮನೆ ಚೆನ್ನಾಗಿದೆ, ಆದರೆ ಚಿಕ್ಕದು. ಓಡಾಡಿಕೊಂಡಿರುವ ಮಕ್ಕಳಿಗೆ ಟೊರೊಂಟೊದ ಬ್ಲ್ಯಾಕ್ ಕ್ರೀಕ್ ವಾಸಿ, ಅಲ್ಲಿ ಹಳೇ ಕಾಲದ ಇಡೀ ಹಳ್ಳಿಯೇ ಮ್ಯೂಸಿಯಂ. ಅಲ್ಲೂ ಪೆನ್ಸಿಲ್ವೇನಿಯಾದಿಂದ ಬಂದ ಜರ್ಮನ್ ಮೂಲದ ಸ್ಟಾಂಗ್ ಕುಟುಂಬದ ಮನೆಗಳಿವೆ. 1816ರಲ್ಲಿ ಮರದ ದಿಮ್ಮಿ ಜೋಡಿಸಿ ಕಟ್ಟಿದ್ದು ಒಂದು, ಕೈಗೆ ಕಾಸು ಬಂದ ಮೇಲೆ 1832ರಲ್ಲಿ ಕಟ್ಟಿದ ದೊಡ್ಡದು ಇನ್ನೊಂದು. ಆದರೆ ಅಲ್ಲಿ ನಡಿಗೆ ಜಾಸ್ತಿ. ನಿಮ್ಮಮ್ಮನ ಮಂಡಿ ನೋಡಿಕೊಂಡು ನೀವೇ ತೀರ್ಮಾನಿಸಿ.

ಕೇಂಬ್ರಿಜ್‌ನಿಂದ: ಮಗಳಿಗೆ ಫ್ರಾಕ್ಟುರ್ ತೋರಿಸೋದು ಮರೀಬೇಡಿ. ಮೆನ್ನೊನೈಟರ ಬಣ್ಣದ ಅಕ್ಷರ-ಚಿತ್ರ ಕಲೆ ಅದು. ಷ್ನೈಡರ್ ಹೌಸ್‌ನವರ ಹತ್ತಿರ ಒಳ್ಳೇ ಸಂಗ್ರಹವಿದೆ, ಏನಾದರೂ ಪ್ರದರ್ಶನಕ್ಕೆ ಇಟ್ಟಿದ್ದಾರಾ ಅಂತ ಕೇಳಿ. ಈ ಸೀಮೆಯ ಆನ್ನಾ ವೇಬರ್ (1814–1888) ಬರೆದದ್ದು ಕಂಡರೆ ಸ್ವಲ್ಪ ನಿಂತು ನೋಡಿ. ನಡುವೆ ಒಂದು ಗಿಡ, ಎರಡೂ ಕಡೆ ಎದುರುಬದುರು ಕೂತ ಹಕ್ಕಿಗಳು, ಸುತ್ತ ಹೂವು. ಅಷ್ಟು ಸರಳವಾಗಿ ಬದುಕಿದ ಜನರ ಮನೆಯಲ್ಲಿ ಅಷ್ಟು ಬಣ್ಣ! ನನ್ನ ಮಗ ಮನೆಗೆ ಬಂದು ವಾರಗಟ್ಟಲೆ ಅದನ್ನೇ ಗೀಚುತ್ತಿದ್ದ.

ಇನ್ನೊಂದು ವಿಷಯ. 'ಖಾಲಿ ಕಾಡಿಗೆ ಬಂದರು' ಅನ್ನೋ ಕಥೆಯನ್ನ ಮಕ್ಕಳಿಗೆ ಹಾಗೇ ಒಪ್ಪಿಸಬೇಡಿ. ಗ್ರ್ಯಾಂಡ್ ನದಿಯ ಎರಡೂ ದಂಡೆಯ ಉದ್ದಕ್ಕೂ ಆರಾರು ಮೈಲಿ ಅಗಲದ ಜಾಗವನ್ನ 1784ರಲ್ಲಿ ಬ್ರಿಟಿಷರೇ ಸಿಕ್ಸ್ ನೇಷನ್ಸ್ ಮೂಲನಿವಾಸಿಗಳಿಗೆ ಬರೆದುಕೊಟ್ಟಿದ್ದರು. ಮೆನ್ನೊನೈಟರು ಜರ್ಮನ್ ಕಂಪನಿ ಅಂತ ಗುಂಪು ಕಟ್ಟಿಕೊಂಡು ಕೊಂಡ 60,000 ಎಕರೆ ಅದರೊಳಗಿನದೇ. ಮ್ಯೂಸಿಯಂನವರನ್ನೇ ಇದರ ಬಗ್ಗೆ ಕೇಳಿ.

ಕಿಚನರ್‌ನಿಂದ: ಅಪ್ಪನಿಗೆ ಇತಿಹಾಸದ ಹುಚ್ಚಿದ್ದರೆ ಇದನ್ನ ಹೇಳಿ. ಈ ಊರಿನ ಹೆಸರು ಮೊದಲು ಬರ್ಲಿನ್. ಒಂದನೇ ಮಹಾಯುದ್ಧದ ಹೊತ್ತಲ್ಲಿ ಜರ್ಮನ್ ಹೆಸರು ಬೇಡ ಅಂತ ಗಲಾಟೆಯಾಗಿ 1916ರಲ್ಲಿ ಲಾರ್ಡ್ ಕಿಚನರ್ ಹೆಸರಿಟ್ಟರು. ಅದೇ ಕಿಚನರ್, 1902ರಿಂದ 1909ರವರೆಗೆ ಇಂಡಿಯಾದ ಸೇನಾ ದಂಡನಾಯಕನಾಗಿದ್ದವನು. ಬಂದೂಕು ಮುಟ್ಟಲ್ಲ, ಯುದ್ಧಕ್ಕೆ ಹೋಗಲ್ಲ ಅಂತ ಪಣ ತೊಟ್ಟ ಜನ ನೆಲೆಸಿದ ಊರಿಗೆ ದಂಡನಾಯಕನ ಹೆಸರು. ನಮ್ಮಪ್ಪ ಇದನ್ನ ಕೇಳಿ ಊಟದ ಹೊತ್ತಿನವರೆಗೂ ನಗ್ತಿದ್ದರು.

ಮನೆಯಿಂದ ವಿಕ್ಟೋರಿಯಾ ಪಾರ್ಕ್ ಹತ್ತಿರವೇ ಇದೆ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಬಂದರೆ ಕೆರೆ ದಂಡೆಯಲ್ಲಿ ಕೂತು ತಿನ್ನಬಹುದು.

ಗ್ವೆಲ್ಫ್‌ನಿಂದ: ಗುರುವಾರ ಅಥವಾ ಶನಿವಾರ ಹೊರಡಿ. ಅವತ್ತು ಸೇಂಟ್ ಜೇಕಬ್ಸ್ ಸಂತೆಯೂ ಇರುತ್ತೆ. ಆ ಕಡೆ ರಸ್ತೆಯಲ್ಲಿ ಕುದುರೆ ಗಾಡಿಯಲ್ಲಿ ಹೋಗುವ ಹಳೇ ಸಂಪ್ರದಾಯದ ಮೆನ್ನೊನೈಟರು ಕಾಣಿಸ್ತಾರೆ. ಮ್ಯೂಸಿಯಂನಲ್ಲಿ ವೇಷ ತೊಟ್ಟವರು ಸಿಬ್ಬಂದಿ, ಇವರು ಹಾಗಲ್ಲ. ದಯವಿಟ್ಟು ಮುಖಕ್ಕೆ ಮೊಬೈಲ್ ಹಿಡಿಯಬೇಡಿ, ಅವರಿಗೆ ಫೋಟೊ ಸೇರಲ್ಲ. ಗಾಡಿ ಹಿಂದೆ ಸಿಕ್ಕಿಹಾಕಿಕೊಂಡರೆ ಹಾರ್ನ್ ಹೊಡೀಬೇಡಿ, ಕುದುರೆ ಬೆದರುತ್ತೆ. ಮ್ಯೂಸಿಯಂ ಬಾಗಿಲು ತೆಗೆಯುವ ವೇಳೆ ಸೀಸನ್ ಮೇಲೆ ಬದಲಾಗುತ್ತೆ, ಹಿಂದಿನ ದಿನ ಫೋನ್ ಮಾಡಿ ಕೇಳಿಕೊಳ್ಳಿ. ಅವತ್ತು ಅಡುಗೆಮನೆಯಲ್ಲಿ ಏನು ಮಾಡ್ತಾರೆ ಅಂತಲೂ ಕೇಳಿ. ಸಾಸೇಜ್ ಮಾಡುವ ದಿನವಾದರೆ ಸಸ್ಯಾಹಾರಿ ಅಪ್ಪ-ಅಮ್ಮನಿಗೆ ಕಷ್ಟ.