ಬ್ಯಾಚ್ ಗುಂಪಿಗೆ ಬಂದ ಫಾಯಿಲ್ ವೀಡಿಯೊ

ಕಾಪು ಶೆಟ್ರು: (ಫಾರ್ವರ್ಡ್ ವೀಡಿಯೊ) ಹಳೇ ಗಾಡಿಯ ಹಿಂದಿನ ಟೈಲ್ ಲೈಟ್ ಒಳಗೆ ಅಡುಗೆಮನೆಯ ಫಾಯಿಲ್ ಅಂಟಿಸಿದರೆ ಹೊಸದರ ಬೆಳಕಂತೆ. ಸುಲಭ ಉಂಟಲ್ಲ?

ಸುರತ್ಕಲ್ ಭಟ್ರು: ಎಂತ ಶೆಟ್ರೇ ಇದು! ಬಿಸಿಗೆ ಅಂಟು ಬಿಡ್ತದೆ. ಫಾಯಿಲ್ ಜಾರಿ ಹೋಲ್ಡರಿನ ಕಾಂಟ್ಯಾಕ್ಟಿಗೆ ತಾಗಿದ್ರೆ ಫ್ಯೂಸ್ ಹೋಯ್ತು.

ಮಲ್ಪೆ ಕೋಟ್ಯಾನ್: ಕ್ರೋಮ್ ಸ್ಪ್ರೇ ಹೊಡೀಲಿ ಹಾಗಾದ್ರೆ.

ಸುರತ್ಕಲ್ ಭಟ್ರು: ಕ್ರೋಮ್ ಇರೋದು ಕ್ಯಾನಿನ ಮುಚ್ಚಳದಲ್ಲಿ ಮಾತ್ರ ಮಾರಾಯ್ರೆ. ಒಣಗಿದ ಮೇಲೆ ಬೂದು, ಮೇಲಿಂದ ಬಣ್ಣವಿಲ್ಲದ ಕ್ಲಿಯರ್ ಕೋಟ್ ಹೊಡೆದ್ರೆ ಇನ್ನೂ ಮಂಕು. ಮೊದಲು ಲೆನ್ಸ್ ನೋಡಿ, ಅಂದ್ರೆ ಲೈಟಿನ ಹೊರಗಿನ ಹೊದಿಕೆ. ಲೆನ್ಸ್ ಒಳಗೆ ಗೆರೆ ಗೆರೆ ಪ್ರಿಸಂ ಇದ್ರೆ ಬೆಳಕು ಹರಡೋದು ಅದರ ಕೆಲಸ, ಬಲ್ಬಿನ ಹಿಂದಿನ ಬಟ್ಟಲಿಗೆ ಹೊಳಪಿನ ಬಿಳಿ ಪೇಂಟ್ ಸಾಕು. ಲೆನ್ಸ್ ನುಣುಪಾಗಿದ್ದು ಬಟ್ಟಲಲ್ಲೇ ಪಟ್ಟೆಗಳಿದ್ರೆ ಕನ್ನಡಿ ಮೈಯೇ ಬೇಕು. ಅದಕ್ಕೆ ವ್ಯಾಕ್ಯೂಮ್ ಮೆಟಲೈಸಿಂಗ್, ಅಂದ್ರೆ ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಅಲ್ಯೂಮಿನಿಯಂ ಆವಿ ಕೂರಿಸೋದು.

ಮಲ್ಪೆ ಕೋಟ್ಯಾನ್: ಬಿಳಿ ಹೊಡೆದ್ರೆ ಬ್ರೇಕ್ ಯಾವುದು, ಟೈಲ್ ಯಾವುದು ಗೊತ್ತಾಗ್ಲಿಕ್ಕಿಲ್ಲ.

ಸುರತ್ಕಲ್ ಭಟ್ರು: ಆ ವ್ಯತ್ಯಾಸ ಬಲ್ಬಿನದ್ದು. 21 ವಾಟ್ ಬ್ರೇಕಿಗೆ, 5 ವಾಟ್ ಟೈಲಿಗೆ. ಬಟ್ಟಲು ಬಿಳಿಯಾದ್ರೂ ಅದು ಹಾಗೇ ಇರ್ತದೆ. ನೇರ ದೂರಕ್ಕೆ ಹೋಗುವ ಬೆಳಕು ಸ್ವಲ್ಪ ಕಡಿಮೆ, ಅದು ಒಪ್ಪುವಾ.

ಮಣಿಪಾಲ ಶೆಣೈ ಅಕ್ಕ: ಪ್ಲಾಸ್ಟಿಕ್ ಬಟ್ಟಲಿಗೆ ಥಿನ್ನರ್ ತಾಗಿಸ್ಬೇಡಿ, ಕರಗ್ತದೆ. ಸೋಪ್ ನೀರು, ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್, ಆಮೇಲೆ ಪ್ಲಾಸ್ಟಿಕ್ ಪ್ರೈಮರ್. ಹಳೆ ಹೊಳಪು ಉಳಿದಿದ್ರೆ ಪಾಲಿಶ್ ಹಾಕಿ ಉಜ್ಜಲೇಬಾರದು. ಆ ಅಲ್ಯೂಮಿನಿಯಂ ಪದರ ಒಂದು ಮೈಕ್ರಾನಿಗಿಂತ ತೆಳು, ಬಟ್ಟೆಗೇ ಎದ್ದು ಬರ್ತದೆ. ತಗಡಿನ ಬಟ್ಟಲಾದ್ರೆ ತುಕ್ಕಿಗೆ 240 ನಂಬರಿನ ಉಜ್ಜುವ ಪೇಪರ್, ನುಣುಪಿಗೆ 400, ಲೋಹಕ್ಕೆ ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್, ಮತ್ತೆ ಬಿಳಿ ಎರಡು ತೆಳು ಕೋಟ್. ಹೋಲ್ಡರಿಗೆ, ಅರ್ತ್ ಕೂರುವ ಜಾಗಕ್ಕೆ ಟೇಪ್ ಹಾಕಿಯೇ ಹೊಡೀಬೇಕು. ಅಲ್ಲಿ ಪೇಂಟ್ ಕೂತ್ರೆ ಅರ್ತ್ ಸಿಗದೆ ಬ್ರೇಕ್ ಒತ್ತಿದಾಗ ಇಂಡಿಕೇಟರೂ ಮಿಣುಕ್ತದೆ.

ಕಾಪು ಶೆಟ್ರು: ಕೆಂಪು ರಿಫ್ಲೆಕ್ಟರ್ ತುಂಡಿನ ಹಿಂದೆಯೂ ಬಿಳಿ ಹೊಡೀಬಹುದಾ?

ಮಣಿಪಾಲ ಶೆಣೈ ಅಕ್ಕ: ಅಯ್ಯೋ ಬೇಡ! ಅದರ ಹಿಂದಿನ ಮೂಲೆ ಮೂಲೆ ಪ್ರಿಸಂ ಬೆಳಕು ತಿರುಗಿಸೋದು ಹಿಂದೆ ಗಾಳಿ ಇದ್ರೆ ಮಾತ್ರ. ಪೇಂಟ್ ತಾಗಿದ್ರೂ ನೀರು ತುಂಬಿದ್ರೂ ಅದು ಸತ್ತಂತೆ.

ಸುರತ್ಕಲ್ ಭಟ್ರು: ನಮ್ಮ ಉಪ್ಪುಗಾಳಿಗೆ ಲೆನ್ಸಿನ ಅಂಚಲ್ಲಿ ನೀರು ತಡೆಯುವ ಗ್ಯಾಸ್ಕೆಟ್ ಹೊಸದು ಹಾಕದಿದ್ರೆ ಇಷ್ಟೆಲ್ಲ ಮಾಡಿಯೂ ದಂಡ. ಕೆಳಗಿನ ನೀರು ಹೋಗುವ ತೂತು ಮುಚ್ಬೇಡಿ. ವಿನೆಗರ್ ವಾಸನೆಯ ಸಿಲಿಕೋನ್ ಸೀಲಂಟ್ ಬೇಡ, ಅದರ ಆಸಿಡ್ ಕಾಂಟ್ಯಾಕ್ಟನ್ನೇ ತಿಂತದೆ. ನ್ಯೂಟ್ರಲ್ ಅಂತ ಕೇಳಿ ತಗೊಳ್ಳಿ. ಜೋರು ಮಳೆ ದಿನ ಸ್ಪ್ರೇ ಮಾಡಿದ್ರೆ ಪೇಂಟಿನ ಹೊಳಪು ಹೋಗಿ ಮಂಜು ಹಿಡಿದ ಹಾಗೆ ಆಗ್ತದೆ.

ಮಲ್ಪೆ ಕೋಟ್ಯಾನ್: ಎಂತ ಹೇಳಿದ್ರೂ ನಾನು ಮೆಟಲೈಸಿಂಗ್ ಪಾರ್ಟಿ.

ಸುರತ್ಕಲ್ ಭಟ್ರು: ಮಾಡಿಸಿ. ಲೆನ್ಸ್ ಬಟ್ಟಲಿಗೆ ವೆಲ್ಡ್ ಆಗಿದ್ರೆ ಬಿಡಿಸುವಾಗ ಒಡೀಬಹುದು, ಬೇರೆ ಲೆನ್ಸ್ ಸಿಗ್ತದಾ ಅಂತ ಮೊದಲೇ ನೋಡಿಟ್ಕೊಳ್ಳಿ.

ಕಾಪು ಶೆಟ್ರು: ಡಿಲೀಟ್ ಮಾಡ್ದೆ. ಮನೆ ಗುಂಪಲ್ಲಿ ಭಾವ ಆಗಲೇ ಫಾಯಿಲ್ ತರ್ಲಿಕ್ಕೆ ಹೋಗಿ ಆಯ್ತಂತೆ.