ಸಹಾಯ ಬೇಕು: ತೈವಾನಿನ ಬೇಪು ಹಳೇಬೀದಿಯಲ್ಲಿ ಸಸ್ಯಾಹಾರಿ ಊಟ, ಲೇ ಚಾ (ಅರೆದ ಚಹಾ)

ನಮಸ್ಕಾರ. ಶಿಂಚು ಜಿಲ್ಲೆಯ ಬೇಪುವಿನ ಹಕ್ಕಾ (ಚೀನೀ ಮೂಲದ ಒಂದು ಸಮುದಾಯ) ಹಳೇಬೀದಿಗೆ ಅಪ್ಪ, ಅಮ್ಮನ ಜೊತೆ ಹೋಗಬೇಕು. ವಾರದ ನಡುವೆ ಬಹಳಷ್ಟು ಅಂಗಡಿಗಳು ಮುಚ್ಚಿರುವುದರಿಂದ ಶನಿವಾರ ಹೊರಡುತ್ತೇವೆ. ಶಿಂಚು ಹೈಸ್ಪೀಡ್ ರೈಲು ನಿಲ್ದಾಣದಿಂದ ಪ್ರವಾಸಿ ಬಸ್ ಇದೆ. ಬೀದಿ ಚಿಕ್ಕದು, ತ್ಸಿತಿಯನ್ ದೇವಸ್ಥಾನದಿಂದ ಜಿನ್‌ಗುವಾಂಗ್‌ಫು ಕಟ್ಟಡಕ್ಕೆ ನಡೆದೇ ಹೋಗಬಹುದು. (ಆ ಹೆಸರಿನ 'ಗುವಾಂಗ್' ಚೀನಾದ ಗುವಾಂಗ್‌ಡಾಂಗಿನವರು, 'ಫು' ಫುಜಿಯನ್ನಿನವರು, 1830ರ ದಶಕದಲ್ಲಿ ಇಬ್ಬರೂ ಸೇರಿ ಕಟ್ಟಿದ ಸಂಸ್ಥೆ ಅದು.)

ತೊಡಕು ಊಟದ್ದು. ಹಕ್ಕಾ ಸ್ಟರ್ ಫ್ರೈನಲ್ಲಿ ಹಂದಿಮಾಂಸ, ಒಣ ಸ್ಕ್ವಿಡ್ ಇರುತ್ತವೆ. ಅಕ್ಕಿ ಶಾವಿಗೆಯಂಥ ಬಾನ್‌ತ್ಯಾವ್‌ಗೆ ಹಂದಿ ಕೊಬ್ಬಿನಲ್ಲಿ ಹುರಿದ ಈರುಳ್ಳಿ ಉದುರಿಸುವುದುಂಟು. ಮಾಂಸ ಬೇಡ ಎಂದರಷ್ಟೇ ಸಾಲದು, ಸಾರೂ ಎಲುಬಿನದಾಗಿರಬಹುದು. 'ಸು' (ಸಸ್ಯಾಹಾರಿ) ಫಲಕವಿರುವ ಅಂಗಡಿ ಬೀದಿಯ ಯಾವ ತುದಿಯಲ್ಲಿದೆ?

ಇನ್ನೊಂದು, ಲೇ ಚಾ. ಗೀರುಗಳಿರುವ ಮಣ್ಣಿನ ಬಟ್ಟಲಲ್ಲಿ ಚಹಾ ಎಲೆ, ಕಡಲೆಕಾಯಿ, ಎಳ್ಳನ್ನು ಕುಟ್ಟದೆ, ಕೋಲನ್ನು ಸುತ್ತಿಸಿ ಎಣ್ಣೆ ಬಿಡುವವರೆಗೆ ಅರೆಯಬೇಕು. ಅದಕ್ಕೂ ಮೊದಲೇ ಬಿಸಿನೀರು ಸುರಿದರೆ ತರಿತರಿಯಾಗಿ ಉಳಿಯುತ್ತದೆ. ಮೇಲೆ ಅಕ್ಕಿ ಪುರಿ. ಅಮ್ಮನಿಗೆ ಮಣಿಕಟ್ಟು ನೋವು, ಅಂಗಡಿಯವರೇ ಅರೆದುಕೊಡುತ್ತಾರಾ? ಅವರು ಅದಕ್ಕೆ ಹಾಕುವ ಪುಡಿಗೆ ಸಕ್ಕರೆ ಮೊದಲೇ ಸೇರಿರುತ್ತದಾ? ಅಪ್ಪನಿಗೆ ಮಧುಮೇಹ. ಇತ್ತೀಚೆಗೆ ಹೋಗಿಬಂದವರು ದಯವಿಟ್ಟು ತಿಳಿಸಿ.