ಅಮೆರಿಕದ ಕಾಲೇಜು ಅರ್ಜಿ: ಪ್ರಬಂಧ ಎಷ್ಟು ಉದ್ದ ಇರಬೇಕು?

ಮಧುವಾಹಿನಿ:
ಅಕ್ಕನ ಮಗಳು ಬದಿಯಡ್ಕದಲ್ಲಿ ಪ್ಲಸ್ ಟು. ಅಮೆರಿಕಕ್ಕೆ ಕಾಮನ್ ಆ್ಯಪ್‌ನಲ್ಲಿ (ಹಲವು ಕಾಲೇಜುಗಳಿಗೆ ಒಂದೇ ಆನ್‌ಲೈನ್ ಅರ್ಜಿ), ಇಂಗ್ಲೆಂಡಿಗೆ ಅಲ್ಲಿನ ಅಂಥದೇ ವ್ಯವಸ್ಥೆಯಾದ ಯುಕಾಸ್‌ನಲ್ಲಿ ಅರ್ಜಿ ಹಾಕುವವಳಿದ್ದಾಳೆ. ಅಜ್ಜನ ತೋಟದ ನೀರಿನ ಸುರಂಗದ ಬಗ್ಗೆ ಬರೆದ ಪ್ರಬಂಧ 820 ಪದ ಆಗಿದೆ. ಕಾಮನ್ ಆ್ಯಪ್‌ನ ಮಿತಿ 650 ಪದ; ಅದನ್ನು ತುಂಬಲೇಬೇಕಾ, 350ಕ್ಕೆ ಇಳಿಸಿದರೆ ಸಾಕಾ? ಎರಡೂ ಕಡೆಗೆ ಇದೇ ಆದೀತಾ?

ಪಯಸ್ವಿನಿ:
ಕಾಮನ್ ಆ್ಯಪ್‌ನ ಮುಖ್ಯ ಪ್ರಬಂಧ 250 ಪದಕ್ಕಿಂತ ಕಡಿಮೆ ಇರಬಾರದು, 650 ದಾಟಬಾರದು. ದಾಟಿದರೆ ಅರ್ಜಿಯೇ ಮುಂದೆ ಹೋಗುವುದಿಲ್ಲ. 650 ತುಂಬಿಸಬೇಕೆಂಬ ನಿಯಮ ಇಲ್ಲ. ಆದರೆ 350ರಲ್ಲಿ ನಡೆದ ಸಂಗತಿ ಹೇಳುವಷ್ಟರಲ್ಲೇ ಜಾಗ ಮುಗಿಯುತ್ತದೆ, ಅವಳು ಏನು ಯೋಚಿಸಿದಳು ಎಂಬುದು ಹೊರಗೇ ಉಳಿಯುತ್ತದೆ. 550ರಿಂದ 640ರೊಳಗೆ ನಿಲ್ಲಿಸಲಿ.

ಕತ್ತರಿಸಬೇಕಾದ್ದು ಹೆಚ್ಚಾಗಿ ಮೊದಲ ಭಾಗದಲ್ಲೇ ಇರುತ್ತದೆ. ಅಲ್ಲಿಯವರಿಗೆ ಸುರಂಗ ಗೊತ್ತಿಲ್ಲವೆಂದು ನಮ್ಮ ಮಕ್ಕಳು ಅದರ ವಿವರಣೆಗೇ ಇನ್ನೂರು ಪದ ಸುರಿಯುತ್ತಾರೆ. ‘ನೀರಿಗಾಗಿ ಗುಡ್ಡದ ಮುರಕಲ್ಲಿನೊಳಗೆ ಅಡ್ಡಲಾಗಿ ಕೊರೆದ ದಾರಿ, ನೀರು ತಾನಾಗಿ ಹೊರಗೆ ಹರಿಯುತ್ತದೆ’ ಎಂದರೆ ಸಾಕು. ಕಾಸರಗೋಡಿನ ಚರಿತ್ರೆ ಬೇಡ. ಅಜ್ಜ ಎರಡು ವಾಕ್ಯದಲ್ಲಿ ಬಂದುಹೋಗಲಿ. ಅವಳೇ ನೀರಿನ ಹರಿವು ಅಳೆದಿದ್ದರೆ, ಯಾವ ತಿಂಗಳಲ್ಲಿ ಇಳಿಯಿತೆಂದು ಬರೆದಿಟ್ಟಿದ್ದರೆ, ಆ ಭಾಗವನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಅವಳ ತಲೆ ಹೇಗೆ ಓಡುತ್ತದೆ ಎಂಬುದು ಓದುವವರಿಗೆ ಕಾಣುವುದು ಅಲ್ಲಿಯೇ. ‘ಇದರಿಂದ ನಾನು ಕಲಿತ ಪಾಠ’ ಎನ್ನುವ ಕೊನೆಯ ಪ್ಯಾರಾ ಇದ್ದರೆ ತೆಗೆದು ಓದಿ ನೋಡಿ. ಏನೂ ಕಳೆದಂತೆ ಅನಿಸದಿದ್ದರೆ ತೆಗೆದೇ ಬಿಡಿ.

ಗುಡ್ಡೆಮನೆ:
ಯುಕಾಸ್‌ಗೆ ಇದು ಆಗುವುದಿಲ್ಲ. 2026ರ ಪ್ರವೇಶದಿಂದ ಅಲ್ಲಿ ಮೂರು ಪ್ರಶ್ನೆಗಳು: ಈ ಕೋರ್ಸ್ ಯಾಕೆ, ಓದು ನಿಮ್ಮನ್ನು ಅದಕ್ಕೆ ಹೇಗೆ ತಯಾರು ಮಾಡಿದೆ, ಓದಿನ ಹೊರಗೆ ಏನು ಮಾಡಿದ್ದೀರಿ. ಮೂರಕ್ಕೂ ಸೇರಿ 4,000 ಅಕ್ಷರ, ಪದಗಳ ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ಒಂದೊಂದಕ್ಕೂ ಕನಿಷ್ಠ 350 ಅಕ್ಷರ. ಅವಳು ಸಿವಿಲ್ ಅಥವಾ ಭೂವಿಜ್ಞಾನ ಕೇಳುವುದಾದರೆ ಸುರಂಗ ಮೂರನೆಯ ಉತ್ತರದಲ್ಲಿ ಮೂರು ನಾಲ್ಕು ವಾಕ್ಯವಾಗಿ ಬರಬಹುದು. ಬೇರೆ ಕೋರ್ಸಿಗೆ ಅದೂ ದಂಡ.

ಪಯಸ್ವಿನಿ:
ಇನ್ನೊಂದು. ಕರಡು ಕನ್ನಡದಲ್ಲಿ ಬರೆಯುವವಳಾದರೆ 400 ಪದಕ್ಕೇ ನಿಲ್ಲಿಸಲು ಹೇಳಿ. ನಮ್ಮ ವಿಭಕ್ತಿಗಳೆಲ್ಲ ಇಂಗ್ಲಿಷಿನಲ್ಲಿ ಬಿಡಿ ಪದಗಳಾಗಿ ಅದೇ 600ರ ಹತ್ತಿರ ಹೋಗುತ್ತದೆ. ಕತ್ತರಿಸಿದ್ದನ್ನು ಕಾಮನ್ ಆ್ಯಪ್‌ನ ‘ಹೆಚ್ಚುವರಿ ಮಾಹಿತಿ’ ಭಾಗಕ್ಕೆ ತುರುಕಬೇಡಿ, ಅದರ ಮಿತಿಯೂ ಈಗ 300 ಪದ, ಮತ್ತು ಅದು ಅರ್ಜಿಯಲ್ಲಿ ಬೇರೆಲ್ಲೂ ಹೇಳಲಾಗದ ಮುಖ್ಯ ವಿಷಯಗಳಿಗೆ. ಕೊನೆಯ ಎಣಿಕೆಯನ್ನು ವರ್ಡ್‌ನಲ್ಲಲ್ಲ, ಅರ್ಜಿಯ ಪೆಟ್ಟಿಗೆಯಲ್ಲೇ ನೋಡಿ.